ತಾರೀಖು ಹಾಕಿದ ನಾಳೆ

‘ನಾಳೆ ಎಂದವನ ಮನೆ ಹಾಳು’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಸೋಮಾರಿಗಳಿಗೆ ಹೇಳುತ್ತೇವೆ. ಈ ವಾರ ಅಮೆರಿಕದ ವರ್ಜೀನಿಯಾದ ಒಬ್ಬ ಜಮೀನ್ದಾರನ ಬದುಕನ್ನು ಓದುತ್ತಿದ್ದಾಗ ಆ ಗಾದೆ ಬೇರೆಯೇ ರೀತಿಯಲ್ಲಿ ಮನಸ್ಸನ್ನು ಕಾಡತೊಡಗಿತು. ನಾಳೆ ಎಂದವನ ಮನೆಯೇ ಹಾಳಾಗುವುದಾದರೆ ಅದು ಅವನ ಹಣೆಬರಹ ಎಂದು ಸುಮ್ಮನಿರಬಹುದು. ಆದರೆ ಎಷ್ಟೋ ಸಲ ನಾಳೆ ಎಂದವನು ಸುಖವಾಗಿಯೇ ಇರುತ್ತಾನೆ. ಹಾಳಾಗುವುದು ಅವನ ನಾಳೆಗಾಗಿ ಕಾದು ಕುಳಿತವರ ಮನೆ.

ಆ ಜಮೀನ್ದಾರನ ಹೆಸರು ರಾಬರ್ಟ್ ಕಾರ್ಟರ್. ಹುಟ್ಟಿದ್ದು 1728ರಲ್ಲಿ. ನಾಲ್ಕನೆಯ ವಯಸ್ಸಿಗೇ ತಂದೆಯನ್ನೂ ತಾತನನ್ನೂ ಕಳೆದುಕೊಂಡ. ಜನ ‘ಕಿಂಗ್ ಕಾರ್ಟರ್’ ಎಂದೇ ಕರೆಯುತ್ತಿದ್ದ ಆ ತಾತನ ಆಸ್ತಿಯಲ್ಲಿ ಇವನ ಪಾಲಿಗೆ ಸುಮಾರು 65,000 ಎಕರೆ ಭೂಮಿ ಬಂತು, ಅದರ ಜೊತೆಗೆ ಗುಲಾಮರೂ ಬಂದರು. ಎರಡು ಸಲ ಚುನಾವಣೆಗೆ ನಿಂತು ಸೋತ. ಕೊನೆಗೆ ಹೆಂಡತಿಯ ಕಡೆಯ ನಂಟಿನ ಬಲದಿಂದ 1758ರಲ್ಲಿ ಗವರ್ನರ್ ಅವರ ಸಲಹಾ ಸಭೆಗೆ ಸೇರಿದ. ರಾಜಧಾನಿ ವಿಲಿಯಮ್ಸ್‌ಬರ್ಗ್‌ನಲ್ಲಿ ಗವರ್ನರ್ ಅರಮನೆಯ ಪಕ್ಕದಲ್ಲೇ ಅವನ ಮನೆ. ಸಂಜೆ ಅರಮನೆಯಲ್ಲಿ ಸಂಗೀತ ಕೂಟ ಸೇರುತ್ತಿತ್ತು. ತರುಣ ಥಾಮಸ್ ಜೆಫರ್ಸನ್ ಅಲ್ಲಿ ಪಿಟೀಲು ನುಡಿಸುತ್ತಿದ್ದ. ಕಾರ್ಟರ್ ತನ್ನ ತೋಟಗಳಿಗೆ ರಾಶಿಗಳ ಹೆಸರಿಟ್ಟಿದ್ದ: ಮೇಷ, ಮಿಥುನ, ಕರ್ಕಾಟಕ, ಸಿಂಹ, ತುಲಾ. ಆಕಾಶದ ಹೆಸರು ಹೊತ್ತ ಆ ಹೊಲಗಳಲ್ಲಿ ದುಡಿಯುತ್ತಿದ್ದವರಿಗೆ ತಮ್ಮ ಮಕ್ಕಳ ಮೇಲೂ ಹಕ್ಕಿರಲಿಲ್ಲ.

ಗುಲಾಮಗಿರಿ ತಪ್ಪೆಂದು ಆ ಕಾಲದ ದೊಡ್ಡವರಿಗೆ ಗೊತ್ತಿರಲಿಲ್ಲವೆಂದು ನಾವು ಭಾವಿಸಬೇಕಾಗಿಲ್ಲ. ಚೆನ್ನಾಗಿಯೇ ಗೊತ್ತಿತ್ತು. ಸ್ವಾತಂತ್ರ್ಯದ ಮಾತಿಗೆ ಹೆಸರಾದ ಪ್ಯಾಟ್ರಿಕ್ ಹೆನ್ರಿ 1773ರ ಒಂದು ಪತ್ರದಲ್ಲಿ ಇದು ಅನ್ಯಾಯವೆಂದು ಒಪ್ಪಿಕೊಂಡು, ಗುಲಾಮರಿಲ್ಲದೆ ಬದುಕುವುದು ತನಗೆ ಅನನುಕೂಲವೆಂದೂ ಬರೆದುಕೊಂಡ. ಮುಂದೊಂದು ದಿನ ಈ ಅನಿಷ್ಟ ತೊಲಗೀತೆಂಬುದು ಅವನ ಆಸೆ. ಜಾರ್ಜ್ ವಾಷಿಂಗ್ಟನ್ ತನ್ನ ಒಡೆತನದ 123 ಜನರ ಬಿಡುಗಡೆಯನ್ನು ಉಯಿಲಿನಲ್ಲಿ ಬರೆದಿಟ್ಟ, ಅಂದರೆ ತನಗೆ ಅವರ ದುಡಿಮೆ ಬೇಕಿಲ್ಲದ ಹೊತ್ತಿಗೆ. ಜೆಫರ್ಸನ್‌ನ ಕಥೆಯಂತೂ ಕರುಳು ಹಿಂಡುತ್ತದೆ. ಎಲ್ಲ ಮನುಷ್ಯರೂ ಸಮಾನರೆಂದು ಬರೆದವನು ಅವನು. ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರಿಗೆ ಒಡೆಯನಾಗಿದ್ದವನೂ ಅವನೇ. ಬಿಡುಗಡೆಯ ಕೆಲಸ ಮುಂದಿನ ಪೀಳಿಗೆಯದೆಂದು ಹೇಳುತ್ತಲೇ ಹೋದ. 1826ರಲ್ಲಿ ತೀರಿಕೊಂಡಾಗ ತಲೆಯ ಮೇಲೆ ಸಾಲದ ಹೊರೆ ಇತ್ತು. ಮರು ಜನವರಿಯಲ್ಲಿ ಅವನ ಮನೆಯಂಗಳದಲ್ಲಿ 130 ಜನರನ್ನು ಹರಾಜಿಗೆ ಇಟ್ಟರು. ನಾಳೆ ಎಂದವನಿಗೆ ಲೋಕವೆಲ್ಲ ಇಂದಿಗೂ ಕೈಮುಗಿಯುತ್ತದೆ. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಮಾರಾಟವಾದವರ ಸಂಸಾರಗಳು ಮಾತ್ರ ದಿಕ್ಕಾಪಾಲಾದವು.

ಕಾರ್ಟರ್ ಮಾಡಿದ್ದೇನು? 1791ರಲ್ಲಿ ಅವನು ಒಂದು ದಾನಪತ್ರ ಬರೆದು ಜಿಲ್ಲಾ ನ್ಯಾಯಾಲಯದಲ್ಲಿ ದಾಖಲು ಮಾಡಿಸಿದ. ಅದರಲ್ಲಿ ಭಾಷೆಯ ಬೆಡಗಿಲ್ಲ. ಈ ಜನರನ್ನು ಗುಲಾಮರಾಗಿ ಇಟ್ಟುಕೊಳ್ಳುವುದು ಧರ್ಮಕ್ಕೂ ನ್ಯಾಯಕ್ಕೂ ವಿರುದ್ಧವೆಂಬ ಅರ್ಥದ ಒಂದು ಮಾತು ಇದೆ. ಆಮೇಲೆ ಇರುವುದೆಲ್ಲ ಪಟ್ಟಿ. ಯಾವ ತೋಟ, ಯಾವ ಹೆಸರು, ಎಷ್ಟು ವಯಸ್ಸು. ಹೀಗೆ 452 ಜನ. ಪ್ರತಿ ವರ್ಷ ಜನವರಿ 2ರಂದು ವಯಸ್ಕರಲ್ಲಿ ಹದಿನೈದು ಮಂದಿಗೆ ಬಿಡುಗಡೆ. ಮಕ್ಕಳಲ್ಲಿ ಗಂಡಿಗೆ 21, ಹೆಣ್ಣಿಗೆ 18 ತುಂಬಿದಾಗ. ಕಾಲಕ್ರಮದಲ್ಲಿ ಈ ಪತ್ರದಿಂದ ಬಿಡುಗಡೆಯಾದವರು 500ಕ್ಕೂ ಹೆಚ್ಚು. ಆ ದೇಶದಲ್ಲಿ ಅಂತರ್ಯುದ್ಧಕ್ಕೆ ಮುಂಚೆ ಒಬ್ಬನೇ ಮನುಷ್ಯ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬಿಡುಗಡೆ ಮಾಡಿದ ಇನ್ನೊಂದು ಉದಾಹರಣೆ ಇಲ್ಲವೆನ್ನುತ್ತಾರೆ.

ಅವನೂ ನಾಳೆ ಎಂದವನೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. 1777ರಲ್ಲಿ, ಸಿಡುಬಿಗೆ ಹಾಕಿಸಿಕೊಂಡ ಚುಚ್ಚಿನ ಜ್ವರದಲ್ಲಿ ಮಲಗಿದ್ದಾಗ ಅವನಿಗೆ ದೈವದರ್ಶನವಾದಂತಾಗಿ ಮನಸ್ಸು ತಿರುಗಿತು. ಮರುವರ್ಷ ಬ್ಯಾಪ್ಟಿಸ್ಟ್ ಪಂಥ ಸೇರಿದ. ಕಪ್ಪು ಜನರ ಜೊತೆಯಲ್ಲೇ ಕೂತು ಪ್ರಾರ್ಥಿಸಿದ. ಆದರೂ ಪತ್ರ ಬರೆಯಲು ಹದಿನಾಲ್ಕು ವರ್ಷ ಹಿಡಿಯಿತು. ಒಡೆಯನು ತಾನಾಗಿ ಗುಲಾಮರನ್ನು ಬಿಡುಗಡೆ ಮಾಡಲು ವರ್ಜೀನಿಯಾದ ಕಾನೂನು ಅವಕಾಶ ಕೊಟ್ಟದ್ದು 1782ರಲ್ಲಿ. ಅಲ್ಲಿಯವರೆಗೆ ಕಾನೂನಿನ ತಡೆ ಇತ್ತೆನ್ನೋಣ; ಆಮೇಲಿನ ಒಂಬತ್ತು ವರ್ಷಕ್ಕೆ ನಾನು ಸಬೂಬು ಹುಡುಕಲಾರೆ. ಅಷ್ಟು ವರ್ಷದಲ್ಲಿ ಎಷ್ಟು ಜನ ಆ ಹೊಲಗಳಲ್ಲೇ ಸತ್ತರೋ! ಆದರೂ ಎರಡು ನಾಳೆಗಳಿಗೆ ವ್ಯತ್ಯಾಸವಿದೆ. ಜೆಫರ್ಸನ್‌ನ ನಾಳೆಗೆ ತಾರೀಖು ಇರಲಿಲ್ಲ. ಕಾರ್ಟರ್ ತಾರೀಖು ಹಾಕಿದ, ಹೆಸರು ಬರೆದ, ನ್ಯಾಯಾಲಯದ ದಫ್ತರಕ್ಕೆ ಸೇರಿಸಿದ. ತನ್ನ ಮನಸ್ಸು ನಾಳೆ ಬದಲಾದರೂ, ತನ್ನ ಮಕ್ಕಳು ಮುನಿದರೂ ಕೆಲಸ ನಿಲ್ಲದಂತೆ ಕಟ್ಟು ಹಾಕಿದ. ಮರುಕ ಬಂದದ್ದು ಜ್ವರದಲ್ಲಿ; ಆದರೆ ಆ ಮರುಕವೊಂದರಿಂದಲೇ ಒಬ್ಬರಿಗೂ ಬಿಡುಗಡೆಯಾಗಲಿಲ್ಲ.

ಹೊಗೆಸೊಪ್ಪಿನ ಬೆಳೆ ಇಳಿಮುಖವಾಗಿ ಗೋಧಿ ಬಂದಿತ್ತು, ಗುಲಾಮರು ಅವನಿಗೆ ಹೊರೆಯಾಗಿದ್ದರು ಎನ್ನುವವರೂ ಇದ್ದಾರೆ. ಹೊರೆಯಾಗಿದ್ದರೆ ಮಾರಬಹುದಿತ್ತಲ್ಲ! ನೆರೆಯವರು ಅದನ್ನೇ ಮಾಡುತ್ತಿದ್ದರು. ಅವನು ಮಾರಲಿಲ್ಲ, ಬಿಡುಗಡೆಯಾದ ಕೆಲವರಿಗೆ ತನ್ನದೇ ಭೂಮಿಯನ್ನು ಗೇಣಿಗೆ ಕೊಟ್ಟ. ತನ್ನ ಮನೆಗೆ ಬೆಂಕಿ ಹಚ್ಚಿ ನೆರೆಮನೆ ಸುಡುವುದಕ್ಕೂ ಗುಲಾಮರನ್ನು ಬಿಡುಗಡೆ ಮಾಡುವುದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ ಎಂಬರ್ಥದ ಹೆಸರಿಲ್ಲದ ಕಾಗದವೂ ಅವನಿಗೆ ಬಂತು. 1793ರಲ್ಲಿ ಊರು ಬಿಟ್ಟು ಬಾಲ್ಟಿಮೋರ್ ಸೇರಿದ ಮೇಲೂ ಕೆಲಸ ನಿಲ್ಲಬಾರದೆಂದು ಬೆಂಜಮಿನ್ ಡಾಸನ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿಗೆ ಅಧಿಕಾರ ವಹಿಸಿದ. 1804ರಲ್ಲಿ ತೀರಿಕೊಂಡ.

ಒಬ್ಬನ ಪತ್ರದಿಂದ ವ್ಯವಸ್ಥೆ ಬದಲಾಯಿತೇ ಎಂದರೆ, ಇಲ್ಲ. ಬದಲಾಗಿ 1806ರಲ್ಲಿ ಇನ್ನಷ್ಟು ಬಿಗಿಯಾಯಿತು: ಹೊಸದಾಗಿ ಬಿಡುಗಡೆಯಾದವರು ಒಂದು ವರ್ಷದೊಳಗೆ ವರ್ಜೀನಿಯಾ ಬಿಟ್ಟು ಹೋಗಬೇಕೆಂಬ ಕಾನೂನು ಬಂತು. ಆದರೆ ಅದೇ ವರ್ಜೀನಿಯಾದಲ್ಲಿ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯಂತೆ ಎಂಬ ಕಾನೂನು 1662ರಿಂದ ಇತ್ತು. ಒಡೆಯರ ಲಾಭಕ್ಕೆಂದು ಮಾಡಿದ ಕಾನೂನು ಅದು. ಕಾರ್ಟರ್‌ನ ಪಟ್ಟಿಯಲ್ಲಿ ಒಬ್ಬ ಹೆಣ್ಣುಮಗಳ ಸರದಿ ಬಂದ ಮೇಲೆ ಅವಳಿಗೆ ಹುಟ್ಟಿದ ಮಕ್ಕಳೆಲ್ಲ ಅದೇ ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಸ್ವತಂತ್ರರು.