ಒಂದೇ ತಾರೀಕು, ನಡುವೆ ಮೈಸೂರು

ಜುಲೈ 26 ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಮತ್ತು ಯೋಗಗುರು ಕೆ. ಪಟ್ಟಾಭಿ ಜೋಯಿಸ್ ಇಬ್ಬರೂ ಹುಟ್ಟಿದ ದಿನ. ಯೂಂಗ್ ಹುಟ್ಟಿದ್ದು 1875ರಲ್ಲಿ, ಸ್ವಿಟ್ಜರ್ಲೆಂಡಿನ ಕೆಸ್ವಿಲ್‌ನಲ್ಲಿ. ಜೋಯಿಸರು 1915ರಲ್ಲಿ, ಹಾಸನದ ಹತ್ತಿರದ ಕೌಶಿಕದಲ್ಲಿ. ನಾಟಕಕಾರ ಬರ್ನಾರ್ಡ್ ಷಾ, ಕಾದಂಬರಿಕಾರ ಆಲ್ಡಸ್ ಹಕ್ಸ್ಲಿ ಕೂಡ ಇದೇ ತಾರೀಕಿನವರು.

ಪಂಚಾಂಗ ತೆರೆದರೆ ಲೆಕ್ಕ ಬೇರೆ. 1915ರ ಆ ದಿನ ಆಷಾಢದ ಹುಣ್ಣಿಮೆ, ಅಂದರೆ ವ್ಯಾಸರ ಜಯಂತಿಯಾದ ಗುರುಪೂರ್ಣಿಮೆ. ತಿಥಿ ಹಿಡಿದು ನೋಡಿದರೆ ಜೋಯಿಸರಿಗೆ ಜೊತೆಯಾಗುವವರು ಷಾ, ಯೂಂಗ್ ಅಲ್ಲ, ವೇದವ್ಯಾಸರು. ತಿಥಿಯೂ ತಾರೀಕೂ ಮತ್ತೆ ಹತ್ತಿರಕ್ಕೆ ಬಂದು ಕೂಡಬೇಕಾದರೆ ಸುಮಾರು 19 ವರ್ಷ ಬೇಕು.

ತಾರೀಕು ಒಂದೇ ಆದದ್ದು ಆಕಸ್ಮಿಕ. ಆದರೆ ಯೂಂಗ್ ಮತ್ತು ಜೋಯಿಸರ ನಡುವೆ ಮೈಸೂರು ಇದೆ, ಯೋಗವೂ ಇದೆ. 1932ರಲ್ಲಿ ಜ್ಯೂರಿಕ್‌ನಲ್ಲಿ ಕುಂಡಲಿನೀ ಯೋಗದ ಮೇಲೆ ಉಪನ್ಯಾಸ ಕೊಟ್ಟ ಯೂಂಗ್, 1936ರಲ್ಲಿ 'ಪ್ರಬುದ್ಧ ಭಾರತ' ಪತ್ರಿಕೆಗೆ ಬರೆದ ಲೇಖನದಲ್ಲಿ ಪಶ್ಚಿಮದವರಿಗೆ ಒಂದು ಎಚ್ಚರಿಕೆ ಕೊಟ್ಟರು: ಯೋಗವನ್ನು ಓದಿ ತಿಳಿಯಿರಿ, ಅಭ್ಯಾಸಕ್ಕೆ ಮಾತ್ರ ಇಳಿಯಬೇಡಿ. ವಿಜ್ಞಾನಕ್ಕೂ ಧರ್ಮಕ್ಕೂ ನಡುವೆ ಸೀಳಿಹೋದ ಮನಸ್ಸಿಗೆ ಅದು ಒಗ್ಗದು ಎಂಬುದು ಅವರ ವಾದ. ಮುಂದೆ ಭಾರತಕ್ಕೆ ಬಂದಾಗ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ತತ್ತ್ವಶಾಸ್ತ್ರದ ಗುರು ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ಮೈಸೂರಿನಲ್ಲಿ ದೀರ್ಘವಾಗಿ ಚರ್ಚಿಸಿದರು. ತಿರುಮಲೈ ಕೃಷ್ಣಮಾಚಾರ್ಯರ ಶಿಷ್ಯ ಜೋಯಿಸರು ಆಗ ಇಪ್ಪತ್ತು ದಾಟಿದ ತರುಣ, ಅದೇ ಊರಿನ ಸಂಸ್ಕೃತ ಪಾಠಶಾಲೆಯಲ್ಲಿ ಯೋಗದ ಅಧ್ಯಾಪಕ.

ಜೋಯಿಸರು 1948ರಲ್ಲಿ ಮೈಸೂರಿನ ಲಕ್ಷ್ಮೀಪುರಂನಲ್ಲಿ ಯೋಗಶಾಲೆ ತೆರೆದರು. 1962ರಲ್ಲಿ ಅವರ 'ಯೋಗಮಾಲಾ' ಬಂತು, ಅದೂ ಕನ್ನಡದಲ್ಲಿ. ಬೆಲ್ಜಿಯಂನ ಆಂದ್ರೆ ವಾನ್ ಲಿಸ್‌ಬೆತ್ 1964ರಲ್ಲಿ ಕಲಿಯಲು ಬಂದ ಮೇಲೆ ಪಶ್ಚಿಮದವರ ಸಾಲು ನಿಲ್ಲಲಿಲ್ಲ. ಇಕ್ಕಟ್ಟಾದ ಶಾಲೆ 2000ದ ದಶಕದ ಆರಂಭದಲ್ಲಿ ಗೋಕುಲಂಗೆ ಬಂತು. ಜೋಯಿಸರು 2009ರ ಮೇ 18ರಂದು ತೀರಿಕೊಂಡರು.

ಯೂಂಗರ ಅಳುಕು ಪೂರ್ತಿ ತಪ್ಪೆನ್ನುವಂತಿಲ್ಲ. ಆಸನವೇ ಯೋಗವೆಂದು ತಿಳಿದವರು ಎಲ್ಲೆಲ್ಲೂ ಇದ್ದಾರೆ, ನಮ್ಮಲ್ಲೂ. ಆದರೆ ಯೂಂಗರ ಮಾತಿಗೆ ಯೂರೋಪು ಕಿವಿಗೊಡಲಿಲ್ಲ. ಅಲ್ಲಿಂದ ಬಂದವರು ಗೋಕುಲಂನಲ್ಲಿ ಬಾಡಿಗೆ ಮನೆ ಹಿಡಿಯುತ್ತಾರೆ. ಬೆಳಕು ಹರಿಯುವ ಮೊದಲೇ ಚಾಪೆ ಹೆಗಲಿಗೇರಿಸಿ ಹೊರಟು, ಏಕಂ, ದ್ವೇ, ತ್ರೀಣಿ ಎಂಬ ಎಣಿಕೆಗೆ ಉಸಿರು ಹೊಂದಿಸುತ್ತಾರೆ.