ಬಾಡಿಗೆ ಮೊದಲು, ಕೂಲಿ ಆಮೇಲೆ



ಗಿರಣಿಯ ಧಣಿಯೊಬ್ಬ ಗಿರಣಿಯ ನೆಲವನ್ನೂ ಕಟ್ಟಡವನ್ನೂ ಮಾರಿ, ಬಂದ ಹಣ ಜೇಬಿಗಿಳಿಸಿ, ಅದೇ ಕಟ್ಟಡಕ್ಕೆ ಬಾಡಿಗೆ ತೆರುವ ಹೊರೆಯನ್ನು ಗಿರಣಿಯ ಮೇಲೆಯೇ ಹೊರಿಸಿ ಹೊರಟುಹೋದನೆನ್ನಿ. ವ್ಯಾಪಾರ ಇಳಿದಾಗ ಪೆಟ್ಟು ಯಾರ ಹೊಟ್ಟೆಯ ಮೇಲೆ? ಮಳಿಗೆಗೆ ಬಾಡಿಗೆ ಕಟ್ಟುವವರಿಗೂ, ಬದಲಿ ಕೆಲಸಕ್ಕಾಗಿ ಗೇಟಿನ ಮುಂದೆ ಕಾದವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲೆಂಡಿನ ವೃದ್ಧರ ಆರೈಕೆಯ ಮನೆಗಳಲ್ಲಿ ನಡೆದದ್ದು ಇದೇ.

ಒಂದು ಕಾಲಕ್ಕೆ ಅಲ್ಲಿ ಇಂಥ ಮನೆಗಳಲ್ಲಿ ಬಹಳಷ್ಟನ್ನು ಸ್ಥಳೀಯ ಆಡಳಿತಗಳೇ ನಡೆಸುತ್ತಿದ್ದವು. 1980ರ ದಶಕದಿಂದೀಚೆಗೆ, ಅದರಲ್ಲೂ 1990ರ ಕಾನೂನಿನ ತರುವಾಯ, ಈ ಕೆಲಸ ಖಾಸಗಿಯವರ ಕೈ ಸೇರಿತು. ಅನೇಕ ವೃದ್ಧರ ಖರ್ಚು ಭರಿಸುವುದು ಇಂದಿಗೂ ಸಾರ್ವಜನಿಕ ಬೊಕ್ಕಸ. ಲಾಭ ಮಾತ್ರ ಖಾಸಗಿಯವರದು.

ಸದರ್ನ್ ಕ್ರಾಸ್ ಎಂಬ ಕಂಪನಿಯ ಕತೆ ನೋಡೋಣ. 2004ರಲ್ಲಿ ಅಮೆರಿಕದ ಬ್ಲ್ಯಾಕ್‌ಸ್ಟೋನ್ ಎಂಬ ಹಣಕಾಸು ಸಂಸ್ಥೆ ಅದನ್ನು ಕೊಂಡಿತು. ಮನೆ ನಡೆಸುವವರು ಒಬ್ಬರು, ಕಟ್ಟಡದ ಒಡೆಯರು ಇನ್ನೊಬ್ಬರು ಎಂಬ ಏರ್ಪಾಡು ಬೆಳೆಯಿತು. ಬಾಡಿಗೆ ವರ್ಷವರ್ಷವೂ ಏರುವಂತೆ ದೀರ್ಘ ಕರಾರುಗಳಾದವು. 2006ರಲ್ಲಿ ಕಂಪನಿಯನ್ನು ಷೇರು ಪೇಟೆಗೆ ತಂದು, 2007ರ ಹೊತ್ತಿಗೆ ಬ್ಲ್ಯಾಕ್‌ಸ್ಟೋನ್ ಲಾಭ ಎಣಿಸಿಕೊಂಡು ಹೊರಬಿತ್ತು. 2010ರ ನಂತರ ಸರ್ಕಾರ ಖರ್ಚು ಕಡಿತ ಮಾಡಿತು, ಹಾಸಿಗೆಗಳು ಖಾಲಿ ಬಿದ್ದವು. ಕರಾರಿನ ಬಾಡಿಗೆ ಮಾತ್ರ ಇಳಿಯಲಿಲ್ಲ. 2011ರ ಜೂನ್‌ನಲ್ಲಿ 3,000 ಕೆಲಸಗಳನ್ನು ಕಡಿತ ಮಾಡುವುದಾಗಿ ಕಂಪನಿ ಸಾರಿತು. ಜುಲೈನಲ್ಲಿ ತಾನೇ ಮುಚ್ಚುವುದಾಗಿ ಹೇಳಿತು. ಸುಮಾರು 750 ಮನೆಗಳು, 31,000 ವೃದ್ಧರು, 40,000ಕ್ಕೂ ಹೆಚ್ಚು ಕೆಲಸಗಾರರು! ಮನೆಗಳು ಬೇರೆ ಬೇರೆ ಕಂಪನಿಗಳ ಪಾಲಾದವು.

ಇದರಿಂದ ಪಾಠ ಕಲಿತರೇ? 2012ರಲ್ಲಿ ಟೆರ್ರಾ ಫರ್ಮಾ ಎಂಬ ಹಣಕಾಸು ಸಂಸ್ಥೆ ಫೋರ್ ಸೀಸನ್ಸ್ ಎಂಬ ಇನ್ನೊಂದು ದೊಡ್ಡ ಕಂಪನಿಯನ್ನು 82.5 ಕೋಟಿ ಪೌಂಡಿಗೆ ಕೊಂಡಿತು. ಸಾಲದ ಹೊರೆಯಿಂದ ಬಳಲಿ 2019ರ ಏಪ್ರಿಲ್‌ನಲ್ಲಿ ಅದೂ ಕುಸಿಯಿತು.

ಇದರ ಗುಟ್ಟು ಸರಳವಾದದ್ದು. ಮುದುಕರನ್ನು ಮೀಯಿಸುವುದು, ಉಣಿಸುವುದು, ಮಗ್ಗುಲು ಬದಲಿಸುವುದು ಯಂತ್ರದ ಕೆಲಸವಲ್ಲ, ಕೈಗಳ ಕೆಲಸ. ಆದ್ದರಿಂದ ಖರ್ಚಿನಲ್ಲಿ ಕೂಲಿಯದೇ ದೊಡ್ಡ ಪಾಲು. ಬಾಡಿಗೆ, ಬಡ್ಡಿಗಳನ್ನು ಕರಾರು ಕಾಯುತ್ತದೆ. ಹಿಂಡಲು ಸಿಗುವುದು ಕೂಲಿಯೊಂದೇ. ಇಬ್ಬರ ಕೆಲಸ ಒಬ್ಬಳ ಹೆಗಲಿಗೆ ಬೀಳುತ್ತದೆ. ಇಂತಿಷ್ಟು ಗಂಟೆ ಕೆಲಸವೆಂಬ ಖಾತರಿಯೇ ಇಲ್ಲದ ಕರಾರುಗಳು ಅಲ್ಲಿ ಸಾಮಾನ್ಯ. ಮನೆಮನೆಗೆ ಹೋಗಿ ಆರೈಕೆ ಮಾಡುವ ಅನೇಕರಿಗೆ ದಾರಿ ನಡೆದ ಹೊತ್ತಿಗೆ ಕೂಲಿಯಿಲ್ಲ. ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಅವರ ಕೈಗೆ ಬಿಡುವಿಲ್ಲದಿದ್ದರೆ ಕರೆದಾಗ ನೀರು ಸಿಗದೆ ಒದ್ದಾಡುವವರು ಹಾಸಿಗೆ ಹಿಡಿದ ಮುದುಕರು.

ಆದ್ದರಿಂದ ನಾವು ಕೇಳುವುದಿಷ್ಟು: ಜನರ ತೆರಿಗೆಯ ಹಣ ಪಡೆಯುವವರು ಲೆಕ್ಕದ ಪುಸ್ತಕವನ್ನು ಜನರ ಮುಂದೆ ತೆರೆದಿಡಲಿ. ಆ ಹಣದಲ್ಲಿ ಮೊದಲ ಹಕ್ಕು ದುಡಿದ ಕೈಗಳದು. ಬಾಡಿಗೆ, ಬಡ್ಡಿಗಳ ಸರದಿ ಅದರ ನಂತರ.