ಕಂಪ್ಯೂಟರಿನಿಂದ ಅಲಮಾರಿಗೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನನಗಿಂತ ಮೊದಲು ಮಾತಾಡಿದವರು ಶಾಲೆಯ ನೆನಪುಗಳನ್ನು ಚೆನ್ನಾಗಿ ಹೇಳಿದರು. ನಾನು ಆ ನೆನಪುಗಳನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಹೇಳಲು ಬಂದಿದ್ದೇನೆ. ಕಲಬುರಗಿ ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಮತ್ತು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ನನಗೆ ಗೊತ್ತಿರುವ ವಿದ್ಯೆ ಅದೊಂದೇ. ಅದರಲ್ಲಿ ನಾನು ಮಾಡಿದ ಒಂದು ತಪ್ಪಿನಿಂದಲೇ ಮಾತು ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ತೀರಿಹೋದ ಗಂಡನ ಒಂದೇ ಒಂದು ಹಳೆಯ ಫೋಟೋ ತಂದಿದ್ದರು. ಅದರ ಮೂಲೆ ಹರಿದಿತ್ತು, ಮುಖದ ಮೇಲೆ ಕಲೆ ಬಿದ್ದಿತ್ತು. ಸ್ಕ್ಯಾನ್ ಮಾಡಿ, ಸರಿಪಡಿಸಿ, ಫ್ರೇಮ್ ಹಾಕಿ ಕೊಟ್ಟೆ. ಎರಡು ಮಳೆಗಾಲ ಕಳೆಯಿತು. ಅವರ ಮನೆಯ ಗೋಡೆ ಸೋರಿ ಫ್ರೇಮು, ಮೂಲ ಫೋಟೋ ಎರಡೂ ಹಾಳಾದವು. ಇನ್ನೊಂದು ಪ್ರಿಂಟ್ ಕೇಳಲು ಅವರು ಬಂದಾಗ ನನ್ನ ಅಂಗಡಿಯ ಹಾರ್ಡ್ ಡಿಸ್ಕ್ ಕೆಟ್ಟು ಎಂಟು ದಿನವಾಗಿತ್ತು. ಎಲ್ಲ ಕೆಲಸ ಅದೊಂದರಲ್ಲೇ ಇತ್ತು. ಅವರು ಬೈಯಲಿಲ್ಲ. "ತಮ್ಮಾ, ನಿನ್ನ ಮಿಷನ್‌ದಾಗ ಅದಾ, ಚಿಂತಿ ಮಾಡಬ್ಯಾಡ ಅಂದಿದ್ದೆಲ್ಲಾ" ಎಂದಷ್ಟೇ ಹೇಳಿ ಹೋದರು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅವತ್ತು ನಾನು ಕಲಿತದ್ದು ಇಷ್ಟು: ಒಂದೇ ಪ್ರತಿ ಇದ್ದರೆ ಪ್ರತಿ ಇಲ್ಲ ಎಂದೇ ತಿಳಿಯಬೇಕು.

ಈ ಸಂಚಿಕೆಗಾಗಿ ನಾವು ಮನೆಮನೆ ತಿರುಗಿ ಟ್ರಂಕಿನ ತಳದಲ್ಲಿದ್ದ ಗ್ರೂಪ್ ಫೋಟೋ, ಗ್ಯಾದರಿಂಗ್ ಫೋಟೋ, ಬೀಳ್ಕೊಡುಗೆಯ ಕರಪತ್ರ ಎಲ್ಲ ಸೇರಿಸಿ ಸ್ಕ್ಯಾನ್ ಮಾಡಿದ್ದೇವೆ. ಅವೆಲ್ಲ ಇರುವ ಕಂಪ್ಯೂಟರನ್ನು ಹಳೆಯ ವಿದ್ಯಾರ್ಥಿಗಳು ಇವತ್ತು ಶಾಲೆಗೆ ಕೊಡುತ್ತಿದ್ದಾರೆ. ಅದರ ಮುಂಭಾಗದಲ್ಲಿ, ಮೊದಲು ಸಿ.ಡಿ. ಹಾಕುವ ಡ್ರೈವ್ ಇರುತ್ತಿದ್ದ ಜಾಗದಲ್ಲಿ, ಸಣ್ಣ ಬಾಗಿಲಿನ ಒಂದು ಖಾನೆ ಇದೆ. ಇದಕ್ಕೆ ಹಾಟ್ ಸ್ವಾಪ್ ಖಾನೆ ಎನ್ನುತ್ತಾರೆ. ಹಾಟ್ ಎಂದರೆ ನಮ್ಮ ಮೇ ತಿಂಗಳ ಬಿಸಿಲಲ್ಲ. ಕಂಪ್ಯೂಟರ್ ಬಂದ್ ಮಾಡದೆ, ಅದು ನಡೆಯುತ್ತಿರುವಾಗಲೇ ಹಾರ್ಡ್ ಡಿಸ್ಕ್ ಹಾಕಬಹುದು, ತೆಗೆಯಬಹುದು ಎಂದು ಅರ್ಥ.

ಕರೆಂಟ್ ಇರುವಾಗ ತೆಗೆದರೆ ಸುಟ್ಟುಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಸಾಟಾ ಎಂಬ ಜೋಡಣೆಯಲ್ಲಿ ಅದಕ್ಕೆ ಉಪಾಯವಿದೆ. ಡಿಸ್ಕಿನ ಹಿಂದೆ ಚಿನ್ನದ ಬಣ್ಣದ ಹಲ್ಲುಗಳಿವೆ: ಕರೆಂಟಿಗೆ 15, ಮಾಹಿತಿಗೆ 7. ಎಲ್ಲವೂ ಒಂದೇ ಉದ್ದ ಇಲ್ಲ. ಡಿಸ್ಕ್ ಒಳಗೆ ಹೋಗುವಾಗ ಗ್ರೌಂಡಿನ ಹಲ್ಲು ಮೊದಲು ತಾಗುತ್ತದೆ, ಉಳಿದವು ಆಮೇಲೆ. ಹೊರಗೆ ಬರುವಾಗ ಗ್ರೌಂಡ್ ಕೊನೆಗೆ ಬಿಡುತ್ತದೆ. ಹೀಗಾಗಿ ಕಿಡಿ ಹಾರುವುದಿಲ್ಲ. ಕಂಪ್ಯೂಟರಿನ ಬಯೋಸ್‌ನಲ್ಲಿ ಎ.ಎಚ್.ಸಿ.ಐ. ವ್ಯವಸ್ಥೆ ಮತ್ತು ಆ ಪೋರ್ಟಿನ ಹಾಟ್ ಪ್ಲಗ್ ಎರಡೂ ಚಾಲೂ ಇರಬೇಕು. ಅದನ್ನು ನಾನು ಮಾಡಿಟ್ಟಿದ್ದೇನೆ.

ಹಾರ್ಡ್ ಡಿಸ್ಕಿನ ಹುಟ್ಟಿನ ವರ್ಷ ನಮ್ಮವರಿಗೆ ನೆನಪಿಡಲು ಸುಲಭ. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಕನ್ನಡ ನಾಡಿಗೆ ಸೇರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಐ.ಬಿ.ಎಂ. ಕಂಪನಿ ಮೊದಲ ಹಾರ್ಡ್ ಡಿಸ್ಕನ್ನು ಜಗತ್ತಿಗೆ ತೋರಿಸಿತು. ಅದರೊಳಗೆ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅಷ್ಟು ದೊಡ್ಡ ಯಂತ್ರ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತಿನ ಮೊಬೈಲಿನ ಒಂದೆರಡು ಫೋಟೋಕ್ಕೆ ಅಷ್ಟು ಜಾಗ ಮುಗಿದುಹೋಗುತ್ತದೆ. ಈಗ ನನ್ನ ಕೈಯಲ್ಲಿರುವ ಈ ಡಿಸ್ಕಿನಲ್ಲಿ ಶಾಲೆಯ 50 ವರ್ಷವೂ ಹಿಡಿಯುತ್ತದೆ, ಮುಂದಿನ 50 ವರ್ಷಕ್ಕೂ ಜಾಗ ಉಳಿಯುತ್ತದೆ. ಆದರೆ ಕೈಜಾರಿ ಕೆಳಗೆ ಬಿದ್ದರೆ ಒಂದೇ ಕ್ಷಣದಲ್ಲಿ ಎಲ್ಲ ಹೋಗುತ್ತದೆ.

ಈ ಖಾನೆಯ ನಿಜವಾದ ಉಪಯೋಗ ಡಿಸ್ಕ್ ಒಳಗೆ ಹೋಗುವುದರಲ್ಲಿ ಇಲ್ಲ, ಹೊರಗೆ ಬರುವುದರಲ್ಲಿದೆ. ಒಂದೇ ಕಂಪ್ಯೂಟರಿನಲ್ಲಿ ಎರಡು ಡಿಸ್ಕ್ ಹಾಕಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನೇ ಬರೆಯುವಂತೆ ಮಾಡುವ ಪದ್ಧತಿ ಇದೆ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ, ನಿಜ. ಆದರೆ ಯಾರೋ ತಪ್ಪಿ ಒಂದು ಫೈಲ್ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ವೈರಸ್ ಬಂದು ಬೀಗ ಹಾಕಿದರೆ ಎರಡಕ್ಕೂ ಬೀಗ. ಸಿಡಿಲಿನ ಕರೆಂಟ್ ಬಂದರೆ ಎರಡೂ ಒಟ್ಟಿಗೆ ಹೋಗಬಹುದು. ಅಲಮಾರಿಯಲ್ಲಿ ಕೂತ ಡಿಸ್ಕಿಗೆ ಈ ಭಯ ಇಲ್ಲ.

ಇದು ಹೊಸ ಜಾಣತನವೇನಲ್ಲ. ಕಲ್ಯಾಣದಲ್ಲಿ ಕ್ರಾಂತಿಯಾದಾಗ ಶರಣರು ವಚನದ ಕಟ್ಟುಗಳನ್ನು ಹೊತ್ತು ದಿಕ್ಕುದಿಕ್ಕಿಗೆ ಹೋದರು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಮುಂದೆ ವಿಜಯಪುರದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಡೋಲೆ ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರ ಪ್ರಕಟಿಸಲು ಸಾಧ್ಯವಾಗಿದ್ದು, ಆ ಓಲೆಗಳು ಹಲವು ಮನೆ ಮಠಗಳಲ್ಲಿ ಹಂಚಿಹೋಗಿ ಉಳಿದಿದ್ದರಿಂದ. ಒಂದೇ ಕೋಣೆಯಲ್ಲಿ ಇದ್ದಿದ್ದರೆ ಒಂದೇ ಬೆಂಕಿ ಸಾಕಾಗುತ್ತಿತ್ತು.

ಅದಕ್ಕೇ ಕಂಪ್ಯೂಟರಿನ ಜೊತೆ ಎರಡು ಡಿಸ್ಕ್ ಕೊಡುತ್ತಿದ್ದೇವೆ. ಅವುಗಳ ಮೇಲೆ 1, 2 ಎಂದು ಬರೆದಿದೆ. ಒಂದು ಮುಖ್ಯ ಗುರುಗಳ ಅಲಮಾರಿಯಲ್ಲಿ ಇರಲಿ, ಇನ್ನೊಂದು ಪೇಟೆಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರ ಮನೆಯಲ್ಲಿ. ಪ್ರತಿ ತಿಂಗಳ ಮೊದಲ ಶನಿವಾರ ಪೇಟೆಯ ಡಿಸ್ಕ್ ಶಾಲೆಗೆ ಬರಲಿ, ಹೊಸದೆಲ್ಲ ಅದರಲ್ಲಿ ಕಾಪಿ ಆಗಲಿ, ಆಮೇಲೆ ಅದು ಅಲಮಾರಿಗೆ ಹೋಗಲಿ. ಅಲಮಾರಿಯದ್ದು ಪೇಟೆಗೆ ಹೋಗಲಿ. ಎರಡೂ ಒಟ್ಟಿಗೆ ಕಂಪ್ಯೂಟರಿನಲ್ಲಿ ಇರುವುದು ಬೇಡ.

ಒಂಬತ್ತನೆಯ ತರಗತಿಯ ಮಕ್ಕಳೇ, ಈ ಕೆಲಸ ನಿಮ್ಮದು. ಲಕ್ಷ್ಯಗೊಟ್ಟು ಕೇಳಿ. ಡಿಸ್ಕ್ ಮುಟ್ಟುವ ಮೊದಲು ಕಂಪ್ಯೂಟರಿನ ಕಬ್ಬಿಣದ ಮೈ ಮುಟ್ಟಿರಿ, ನಿಮ್ಮ ಮೈಯಲ್ಲಿರುವ ಸ್ಥಾಯಿ ವಿದ್ಯುತ್ ಹೋಗಲಿ. ಡಿಸ್ಕನ್ನು ನೇರವಾಗಿ ಒಳಗೆ ತಳ್ಳಿ, ಬಾಗಿಲು ಹಾಕಿ, ಅದು ತಿರುಗಿ ವೇಗ ಹಿಡಿಯುವವರೆಗೆ ತಡೆಯಿರಿ. ಕಾಪಿ ಮುಗಿದ ಮೇಲೆ ನಾಲ್ಕಾರು ಫೋಟೋ ಡಿಸ್ಕಿನಿಂದಲೇ ತೆರೆದು ನೋಡಿರಿ. ತೆರೆದು ನೋಡದ ಪ್ರತಿಯನ್ನು ನಂಬಬೇಡಿ. ತೆಗೆಯುವಾಗ ಸೀದಾ ಎಳೆಯುವಂತಿಲ್ಲ. ಮೊದಲು ಪರದೆಯ ಮೇಲೆ ‘ಸೇಫ್ಲಿ ರಿಮೂವ್’ ಒತ್ತಬೇಕು. ಏಕೆಂದರೆ ಕಾಪಿ ಮುಗಿದಂತೆ ಕಂಡರೂ ಕೊನೆಯ ತುಣುಕು ಇನ್ನೂ ಕಂಪ್ಯೂಟರಿನ ಮೆಮೊರಿಯಲ್ಲೇ ಇರಬಹುದು. ಆಮೇಲೆ ಒಳಗಿನ ತಟ್ಟೆ ನಿಲ್ಲಲು ಅರ್ಧ ನಿಮಿಷ ಬಿಡಿ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ತಟ್ಟೆ ಅದು. ತಿರುಗುವಾಗ ಅಲುಗಾಡಿದರೆ ಅದನ್ನು ಓದುವ ಮುಳ್ಳು ತಟ್ಟೆಗೆ ತಾಗಿ ಗೀರು ಬೀಳುತ್ತದೆ. ತೆಗೆದ ಡಿಸ್ಕನ್ನು ಸ್ಪಂಜಿನ ಡಬ್ಬಿಯಲ್ಲಿಡಿ. ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿಯಲ್ಲಿ ಮರೆತು ಬರಬೇಡಿ.

ಹಿರಿಯರಿಗೆ ಒಂದು ಮಾತು. ಡಿಸ್ಕ್ ಬಂಗಾರವಲ್ಲ, ಸವೆಯುವ ಸಾಮಾನು. ಕೆಲವು ವರ್ಷಕ್ಕೊಮ್ಮೆ ಹೊಸದು ತರಬೇಕು. ಆ ಖರ್ಚು ಹಳೆಯ ವಿದ್ಯಾರ್ಥಿಗಳದ್ದೇ ಇರಲಿ. ದಿನಾಂಕ ಹಾಕಿ, ತಂದವರು ಯಾರು, ಒಯ್ದವರು ಯಾರು ಎಂದು ಬರೆಯಲು 100 ಪುಟದ ಒಂದು ನೋಟುಬುಕ್ಕನ್ನೂ ಇಟ್ಟಿದ್ದೇನೆ. ಅದರಲ್ಲಿ ಒಂದು ಶನಿವಾರ ಖಾಲಿ ಬಿದ್ದರೆ ಯಾರಾದರೂ ಬಂದು ಕೇಳಿ, "ಯಾಕ ಬರದಿಲ್ಲ?" ಅಂತ. ಈ ಕೆಲಸದಲ್ಲಿ ಯಂತ್ರ ಸೋಲುವುದಕ್ಕಿಂತ ಮೊದಲು ಸೋಲುವುದು ನಮ್ಮ ನೆನಪು.

ಆ ತಾಯಿಗೆ ನಾನು ಅವರ ಗಂಡನ ಮುಖ ಮರಳಿ ಕೊಡಲಾಗಲಿಲ್ಲ. ಇನ್ನು 50 ವರ್ಷದ ಮೇಲೆ, ಈ ಊರಿನ ಯಾವುದೋ ಮೊಮ್ಮಗಳು ಬಂದು "ನಮ್ಮ ಅಜ್ಜಿ ಇಲ್ಲೇ ಓದಿದ್ಲಂತ, ಫೋಟೋ ಅದಾವ್ರಿ?" ಎಂದು ಕೇಳಿದಾಗ, ಆಗಿನ ಗುರುಗಳು "ಅದಾವಮ್ಮ, ಬಾ" ಎನ್ನುವಂತಾಗಲಿ.

ಖಾನೆಯ ಬೀಗದ ಕೈಯನ್ನು ಮುಖ್ಯ ಗುರುಗಳಿಗೆ ಒಪ್ಪಿಸಿ ನನ್ನ ಎರಡು ಮಾತು ಮುಗಿಸುತ್ತೇನೆ.